ಕೃಷ್ಣಪ್ಪನ ಪಾಲು

ವನಗೂರಿನ ಕಡೆಯ ಆ ಹಳ್ಳಿಯಲ್ಲಿ ಹಂದಿ ಕೊಯ್ದ ದಿನ ಪಾಲು ಹಾಕುವ ಕೆಲಸ ಕೃಷ್ಣಪ್ಪನದು. ಅತ್ತಿಮರದ ಕೆಳಗೆ ಬಾಳೆಎಲೆಗಳನ್ನು ಸಾಲಾಗಿ ಹಾಸಿ, ಮನೆಗೊಂದು ಗುಡ್ಡೆ ಮಾಡುತ್ತಿದ್ದ. ಮಾಂಸ, ಈಲಿಯ ತುಂಡು, ಮೂಳೆ, ಬಿಳೀ ಕೊಬ್ಬು ಎಲ್ಲವೂ ಎಲ್ಲ ಗುಡ್ಡೆಗೂ ಸಮನಾಗಿ ಬೀಳಬೇಕು. ತಕ್ಕಡಿ ಇಡುತ್ತಿರಲಿಲ್ಲ. ಗುಡ್ಡೆ ಹಾಕಿ ಮುಗಿಸಿ ಸಾಲಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಹಿಂದಿನಿಂದ ಒಬ್ಬರು ಒಂದು ಗುಡ್ಡೆ ತೋರಿಸಿ "ಇದು ಯಾರ್ದು?" ಎಂದು ಕೇಳಿದರೆ, ತಿರುಗಿ ನೋಡದೆ ಒಂದು ಹೆಸರು ಕೂಗುತ್ತಿದ್ದ. ಎಲ್ಲರದೂ ಆಗಿ ಉಳಿದ ಕಡೆಯ ಗುಡ್ಡೆ ಅವನದು. ಆ ಊರಿನಲ್ಲಿ ಗದ್ದೆಯ ಬದುವಿಗೆ, ತೋಟದ ನೀರಿಗೆ ಜಗಳ ಆಗಿದ್ದುಂಟು. ಪಾಲಿಗೆ ಮಾತ್ರ ಯಾವತ್ತೂ ಆಗಿರಲಿಲ್ಲ.

ಆ ಗುಡ್ಡೆ ಮನೆಗೆ ಬಂದ ಮೇಲೆ ಹೆಂಡತಿ ಸುಮಿತ್ರಮ್ಮ ಇನ್ನೊಂದು ಪಾಲು ಹಾಕುತ್ತಿದ್ದಳು. ಕೊಬ್ಬಿನ ತುಂಡುಗಳೆಲ್ಲ ಗಂಡನ ತಟ್ಟೆಗೆ. ಉಪ್ಪು, ಖಾರ ಅವನಿಗೆ ಮುಂದಾಗಿಯೇ ಬೇಕು. ಸಕಲೇಶಪುರದ ಡಾಕ್ಟರು ಬಿಪಿಗೆ ಕೊಟ್ಟಿದ್ದ ಮಾತ್ರೆಯನ್ನು, "ತಲೆಸುತ್ತೇ ಇಲ್ಲ, ಮಾತ್ರೆ ಯಾತಕ್ಕೆ?" ಎಂದು ಅವನು ಸೂರಿನ ಸಂದಿಗೆ ಸಿಕ್ಕಿಸಿಬಿಟ್ಟಿದ್ದ. ಅವಳೂ ಒತ್ತಾಯ ಮಾಡಿರಲಿಲ್ಲ.

ಎರಡು ಸಾವಿರದ ಇಸವಿಯ ಕಾಫಿ ಕೊಯ್ಲಿನಲ್ಲಿ, ಗಿಡದ ಬುಡದಲ್ಲೇ ಅವನು ಕುಸಿದ. ಜೀಪಿನಲ್ಲಿ ಹಾಸನಕ್ಕೆ ಕೊಂಡೊಯ್ದರು. ಜೀವ ಉಳಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಊರಿಗೆಲ್ಲ ಕೇಳುವಂತೆ ಹೆಸರು ಕೂಗುತ್ತಿದ್ದವನ ಬಾಯಲ್ಲಿ ಈಗ "ಆ... ಆ..." ಎನ್ನುವುದಷ್ಟೇ ಉಳಿಯಿತು.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಸುಮಿತ್ರಮ್ಮನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಉಪ್ಪು ತೀರಾ ಕಡಿಮೆ. ಉಪ್ಪಿನಕಾಯಿ, ಒಣಮೀನು, ಹಂದಿ ಕೊಬ್ಬು ಬೇಡ. ಸೊಪ್ಪು, ಕಾಳು, ರಾಗಿ, ಹಣ್ಣು ಕೊಡಿ. ನೀರಾಗಿರುವುದು ಉಸಿರಿನ ದಾರಿಗೆ ಹೋಗುತ್ತದೆ, ಮಂದ ಮಾಡಿ ಕುಡಿಸಿ. ಎತ್ತಿ ಕೂರಿಸಿ, ಎಡಗಡೆಯಿಂದ ತಿನ್ನಿಸಿ, ಬಲಗೆನ್ನೆಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆಯಿರಿ. ಮಾತ್ರೆ ಒಂದು ದಿನವೂ ತಪ್ಪಬಾರದು.

"ಇನ್ನೊಂದು ಸಲ ಆದರೆ ಉಳಿಸೋದು ಕಷ್ಟ. ಊಟ ನಿಮ್ಮ ಕೈಯಲ್ಲಿದೆ ಅಮ್ಮ."

ಅವಳು ತನ್ನ ಕೈ ನೋಡಿಕೊಂಡಳು. ಇಷ್ಟು ವರ್ಷ ಉಪ್ಪು ಹಾಕಿದ್ದೂ ಇದೇ ಕೈ.

ಕೊಯ್ಲು ಮುಗಿದಾಗ ಊರಿನಲ್ಲಿ ಹಂದಿ ಕೊಯ್ದರು. ಈಗ ಗುಡ್ಡೆ ಹಾಕುವವನು ವಸಂತ. ಕೃಷ್ಣಪ್ಪನ ಜೊತೆಯಲ್ಲೇ ಇದ್ದು ಕೆಲಸ ಕಲಿತವನು. ಅವನೇ ಎಲೆಗಂಟು ತಂದು ಜಗಲಿಯ ಮೇಲಿಟ್ಟ. "ಅಣ್ಣನ ಪಾಲು ಕಣತ್ತಿಗೆ. ಕಡೇ ಗುಡ್ಡೆನೇ ತಂದಿದೀನಿ."

ಕೃಷ್ಣಪ್ಪ ಗಂಟನ್ನೂ ಹೆಂಡತಿಯ ಮುಖವನ್ನೂ ನೋಡಿದ. ಅವಳಿಗೆ ತಡೆಯಲಾಗಲಿಲ್ಲ. ಒಂದು ದಿನ ತಾನೆ ಎಂದುಕೊಂಡು ಎಂದಿನಂತೆ ಮಾಡಿ, ನುರಿದು ತಿನ್ನಿಸಿದಳು. ಮಾರನೆಯ ದಿನವೂ ಉಳಿದದ್ದನ್ನು ಬಿಸಿ ಮಾಡಿದಳು. ಅದೇ ವಾರ ಹಾಸನಕ್ಕೆ ಹೋದಾಗ ಬಿಪಿ ಏರಿತ್ತು. ಡಾಕ್ಟರು ಗದರಿದರು. ಬಸ್ಸಿನಲ್ಲಿ ಬರುವಾಗ ಅವನ ತಲೆ ಅವಳ ಹೆಗಲ ಮೇಲಿತ್ತು. ದಾರಿಯುದ್ದಕ್ಕೂ ಅವಳು ಅವನ ಉಸಿರನ್ನೇ ಕೇಳುತ್ತ ಕೂತಿದ್ದಳು.

ಯುಗಾದಿ ಹತ್ತಿರ ಬಂದಾಗ ಅವಳು ವಸಂತನ ಮನೆಗೆ ಹೋದಳು. "ಹೊಸತೊಡಕಿಗೆ ಅವರ ಪಾಲು ಬುಟ್ಬುಡೋ."

ವಸಂತ ಕತ್ತಿ ಮಸೆಯುವುದನ್ನು ನಿಲ್ಲಿಸಿದ. "ಏನ್ ಮಾತೂಂತ ಆಡ್ತೀರತ್ತಿಗೆ? ಸತ್ತೋರ ಹೆಸ್ರು ಬುಡಾದು. ಬದುಕಿರೋರ ಹೆಸ್ರು ಕೂಗ್ದೆ ನಾ ಹೆಂಗೆ ಪಾಲು ಮುಗಿಸ್ಲಿ? ಅಣ್ಣ ಜಗಲಿ ಮೇಲೆ ಕೂತು ಕೇಳ್ತಿರ್ತಾರೆ."

"ತಿಂದ್ರೆ ಸಾಯ್ತಾರೆ ಕಣೋ."

"ಕೂಗ್ದಿದ್ರೆ?"

ಕೊನೆಗೆ ಹೆಸರು ಕೂಗುವುದು, ಗುಡ್ಡೆಯನ್ನು ಮಾತ್ರ ಪಕ್ಕದ ಮನೆಯ ಈರಮ್ಮನಿಗೆ ಕೊಡುವುದು ಎಂದು ಇಬ್ಬರೂ ಒಪ್ಪಿದರು. ಈರಮ್ಮ ಒಂಟಿ ಮುದುಕಿ, ಪಾಲಿಗೆ ಸೇರಿದವಳಲ್ಲ.

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಿಗ್ಗೆ, ಅತ್ತಿಮರದ ಕಡೆಯಿಂದ ಒಂದೊಂದೇ ಹೆಸರು ಕೇಳಿಬಂತು. ಕೃಷ್ಣಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಕಡೆಗೆ ವಸಂತ ಬೇಕೆಂದೇ ಗಟ್ಟಿಯಾಗಿ ಕೂಗಿದ: "ಕೃಷ್ಣಪ್ಪಣ್ಣಂದು!"

ಅವನ ಎಡಗೈ ಮೇಲೆದ್ದಿತು. ಅರ್ಧ ಮುಖದಲ್ಲಿ ನಗು ಬಂತು. ಬಾಗಿಲ ಹಿಂದೆ ನಿಂತಿದ್ದ ಸುಮಿತ್ರಮ್ಮ ಅದನ್ನು ನೋಡಿ, ಸರಿಯಾಯಿತು ಎಂದುಕೊಂಡಳು.

ಆದರೆ ಗಂಟು ಬರಲಿಲ್ಲ. ಮಧ್ಯಾಹ್ನಕ್ಕೆ ಎಲ್ಲರ ಒಲೆಯಿಂದಲೂ ಹುರಿದ ಮೆಣಸಿನ ವಾಸನೆ ಬಂತು, ಅವನ ಒಲೆಯೊಂದನ್ನು ಬಿಟ್ಟು. ಅವಳು ಮೆತ್ತಗಿನ ರಾಗಿ ಮುದ್ದೆ, ನುಗ್ಗೆಸೊಪ್ಪಿನ ಮಂದ ಸಾರು ತಂದಳು. ಅವನು ಬಾಯಿ ಮುಚ್ಚಿಕೊಂಡ. ತುಟಿಗೆ ಚಮಚ ತಾಗಿಸಿದರೆ ಸಾರು ಗಲ್ಲದ ಮೇಲೆ ಇಳಿಯಿತು.

"ನಿಮ್ಮ ಒಳ್ಳೇದಕ್ಕೇ ಕಣ್ರೀ. ಒಂದು ತುತ್ತು," ಎಂದಳು. ಅವನು ಅತ್ತಿಮರದ ಕಡೆಗೇ ನೋಡುತ್ತಿದ್ದ.

ಅಷ್ಟರಲ್ಲಿ ಈರಮ್ಮ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಬಂದಳು. "ತಗೋ ಮಗಳೇ. ಅವನ ಪಾಲನ್ನ ನಾನೊಬ್ಳೇ ಹೆಂಗೆ ತಿನ್ಲಿ? ಗಂಟ್ಲಲ್ಲಿ ಇಳೀಲಿಲ್ಲ. ಒಂದೇ ಒಂದು ತುಂಡು ಬಾಯಿಗಿಡು."

ಕೃಷ್ಣಪ್ಪ "ಆ... ಆ..." ಎಂದು ಬಾಯಿ ತೆರೆದ. ಬೆಳಗಿನಿಂದ ತೆರೆಯದ ಬಾಯಿ.

ಸುಮಿತ್ರಮ್ಮ ಬಟ್ಟಲು ಹಿಡಿದು ಒಳಗೆ ಹೋದಳು. ಕೊಬ್ಬಿಲ್ಲದ ಒಂದು ತುಂಡು ಆರಿಸಿ ಬಿಸಿನೀರಿಗೆ ಹಾಕಿದಳು. ಹಿಂಡಿದಳು. ಮತ್ತೆ ನೀರು ಹಾಕಿ ಹಿಂಡಿದಳು. ಖಾರ ಹೋಯಿತು, ಉಪ್ಪು ಹೋಯಿತು, ಜಿಡ್ಡು ನೀರಿನಲ್ಲಿ ತೇಲಿತು. ಉಳಿದದ್ದನ್ನು ನುಣ್ಣಗೆ ಅರೆದು ರಾಗಿಯ ಜೊತೆ ಸೇರಿಸಿ ತಂದು ಎಡಗಡೆಯಿಂದ ಬಾಯಿಗಿಟ್ಟಳು.

ಅವನು ಬಹಳ ಹೊತ್ತು ನಾಲಿಗೆ ಆಡಿಸಿದ. ಆಮೇಲೆ ಅವಳನ್ನು ನೋಡಿದ. ಆ ನೋಟ ಅವಳಿಗೆ ಗೊತ್ತಿತ್ತು. ವಸಂತ ಕಲಿಯುವ ಕಾಲದಲ್ಲಿ ಯಾವುದಾದರೂ ಗುಡ್ಡೆ ಕಡಿಮೆ ಮಾಡಿದಾಗ, ಬೈಯದೆ, ಆ ಗುಡ್ಡೆಯನ್ನು ಕೃಷ್ಣಪ್ಪ ನೋಡುತ್ತಿದ್ದ ನೋಟ ಅದು.

ಅದನ್ನು ನುಂಗಿದ. ಮುಂದಿನ ತುತ್ತಿಗೆ ತಾನಾಗಿಯೇ ಬಾಯಿ ತೆರೆದ. ಅಂದಿನಿಂದ ಅವಳು ಏನು ಕೊಟ್ಟರೂ ತಿಂದ. ಸೊಪ್ಪು ಕೊಟ್ಟರೆ ಸೊಪ್ಪು, ಗಂಜಿ ಕೊಟ್ಟರೆ ಗಂಜಿ. ಒಮ್ಮೆಯಾದರೂ ಮುಖ ತಿರುಗಿಸಲಿ ಎಂದು ಅವಳಿಗೆ ಅನ್ನಿಸುತ್ತಿತ್ತು. ತಿರುಗಿಸಲಿಲ್ಲ.

ಹಾಸನದಲ್ಲಿ ಬಿಪಿ ಇಳಿದಿತ್ತು. "ಚೆನ್ನಾಗಿ ನೋಡಿಕೊಂಡಿದ್ದೀರಿ, ಹೀಗೇ ಮಾಡಿ," ಎಂದರು ಡಾಕ್ಟರು. ಸುಮಿತ್ರಮ್ಮ ತಲೆಯಾಡಿಸಿದಳು. ಕೇಳಬೇಕಾದದ್ದು ಇನ್ನೇನೋ ಇತ್ತು. ಅದನ್ನು ಡಾಕ್ಟರ ಹತ್ತಿರ ಹೇಗೆ ಕೇಳುವುದೆಂದು ತಿಳಿಯಲಿಲ್ಲ.

ಮಳೆ ಹಿಡಿಯುವ ಮುಂಚೆ ಊರಿನಲ್ಲಿ ಇನ್ನೊಂದು ಹಂದಿ ಕೊಯ್ದರು. ಅವಳು ಜಗಲಿಯಲ್ಲಿ ಅವನ ಪಕ್ಕದಲ್ಲೇ ಕೂತು ಹೆಸರುಗಳನ್ನು ಕೇಳಿಸಿಕೊಂಡಳು. ಕಡೆಯ ಹೆಸರು ಎಂದಿಗಿಂತ ಗಟ್ಟಿಯಾಗಿ ಬಂತು.

"ಕೃಷ್ಣಪ್ಪಣ್ಣಂದು!"

ಅವನು ಅತ್ತಿಮರದ ಕಡೆ ತಿರುಗದೆ ಅಂಗಳವನ್ನೇ ನೋಡುತ್ತಿದ್ದ. ಎಡಗೈ ತೊಡೆಯ ಮೇಲೇ ಇತ್ತು. ವಸಂತ ಸ್ವಲ್ಪ ಕಾದು ಇನ್ನೊಮ್ಮೆ ಕೂಗಿದ. ಸುಮಿತ್ರಮ್ಮ ಆ ಕೈಯನ್ನು ಹಿಡಿದು ಮೇಲೆತ್ತಲು ಹೋದಳು. ಅದು ಅವಳ ಕೈಯಲ್ಲಿ ಭಾರವಾಗಿ ಹಾಗೇ ಕೂತಿತು, ಬಿದ್ದುಹೋದ ಬಲಗೈಯಂತೆಯೇ.