ಮಗ್ಗದ ಮನೆಯ ಆನ್‌ಲೈನ್ ಕ್ಲಾಸು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹೊಟ್ಟೆಕಿಚ್ಚಿಲ್ಲದವರು ಯಾರೂ ಇಲ್ಲ. ಆದರೆ ಜ್ಯೋತಿಲಕ್ಷ್ಮಿಯಷ್ಟು ಪ್ರಾಮಾಣಿಕವಾಗಿ ಹೊಟ್ಟೆಕಿಚ್ಚು ಪಡುವವರನ್ನು ನಾನು ಕಂಡಿಲ್ಲ. ಎದುರುಮನೆಯವರು ಹೊಸ ಫ್ರಿಜ್ ತಂದರೆ ಬೇರೆ ಹೆಂಗಸರು ‘ಚೆನ್ನಾಗಿದೆ ಕಣ್ರೀ’ ಎಂದು ಹೇಳಿ ಒಳಗೊಳಗೇ ಬೇಯುತ್ತಾರೆ. ಇವಳು ಬಾಗಿಲಲ್ಲೇ ನಿಂತು, “ನಂಗೆ ಹೊಟ್ಟೆ ಉರೀತಾ ಇದೆ, ಅದ್ರಲ್ಲಿಟ್ಟಿರೋ ನೀರು ಒಂದು ಲೋಟ ಕೊಡಿ” ಎನ್ನುತ್ತಾಳೆ. ಕುಡಿದ ಮೇಲೆ ಅಷ್ಟೇನೂ ತಣ್ಣಗಿಲ್ಲ ಎಂದು ಹೇಳಿಯೇ ಬರುತ್ತಾಳೆ. ಈ ಗುಣಕ್ಕಾಗಿಯೇ ನನಗೆ ಅವಳೆಂದರೆ ಇಷ್ಟ.

ಈ ಸಲ ಜೂನ್‌ನಲ್ಲಿ ನಡೆದದ್ದು ಮಾತ್ರ ಫ್ರಿಜ್ಜಿನಷ್ಟು ಸುಲಭದ ವಿಷಯವಾಗಿರಲಿಲ್ಲ. ಅದು ವಾರಗಿತ್ತಿ ಶಿಲ್ಪಳ ಮನೆಯಿಂದ ಹೊರಟ ಬೆಂಕಿ.

ಶಿಲ್ಪ ಇವಳ ಮೈದುನ ದೇವರಾಜನ ಹೆಂಡತಿ. ಮನೆ ಭಾಗವಾದಾಗ ಅಣ್ಣ ಮನೋಹರ್, ಅಂದರೆ ಜ್ಯೋತಿಲಕ್ಷ್ಮಿಯ ಗಂಡ, ಮಗ್ಗಗಳನ್ನು ಉಳಿಸಿಕೊಂಡ. ತಮ್ಮ ತನ್ನ ಪಾಲಿನದನ್ನು ಮಾರಿ, ದೇವನಹಳ್ಳಿ ಕಡೆ ಕೆಲಸಕ್ಕೆ ಸೇರಿ, ಊರಾಚೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಹಾಗಾಗಿ ಶಿಲ್ಪಳ ಮನೆಯಲ್ಲಿ ಗೋಡೆ ಗಡಿಯಾರದ ಸದ್ದೂ ಕೇಳಿಸುತ್ತದೆ. ಜ್ಯೋತಿಲಕ್ಷ್ಮಿಯ ಮನೆಯಲ್ಲಿ ನಡುಮನೆಯೇ ಮಗ್ಗದ ಮನೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಮುಗಿಯಿತು, ಲಾಳಿ ಬಡಿಯುವ ಸದ್ದಿಗೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ಯಾರೂ ಕೂಗುವುದೂ ಇಲ್ಲ. ಸುಮ್ಮನೆ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಊಟಕ್ಕೆ ಕರೆಯುವುದು, ಬೈಯುವುದು, ಮುದ್ದು ಮಾಡುವುದು ಎಲ್ಲವೂ ದನಿಯಿಲ್ಲದೆಯೇ. ಮಗ್ಗ ನಿಲ್ಲುವ ಹೊತ್ತಿಗೆ ಮಾತಾಡುವ ತ್ರಾಣ ಯಾರಿಗೂ ಉಳಿದಿರುವುದಿಲ್ಲ.

ಶಿಲ್ಪಳ ಮಗಳು ಅಕ್ಷತ, ಇವಳ ಮಗಳು ಬಿಂದುಶ್ರೀ, ಇಬ್ಬರೂ ಒಂದೇ ಸ್ಕೂಲಿನಲ್ಲಿ ಎಂಟನೇ ಕ್ಲಾಸು ಮುಗಿಸಿದ್ದರು. ಒಂಬತ್ತಕ್ಕೆ ಬರುತ್ತಲೇ ಶಿಲ್ಪ ಮಗಳ ಟಿಸಿ ತೆಗೆಸಿ, ಮನೆಯಲ್ಲೇ ಕೂತು ಓದುವ ಯಾವುದೋ ಆನ್‌ಲೈನ್ ಸ್ಕೂಲಿಗೆ ಸೇರಿಸಿಬಿಟ್ಟಳು. ಅದನ್ನು ತೋರಿಸಲೆಂದೇ ವಾರಗಿತ್ತಿಯನ್ನು ಕಾಫಿಗೆ ಕರೆದಳು.

“ಬಸ್ಸಿಲ್ಲ, ಧೂಳಿಲ್ಲ, ಸಹವಾಸದೋಷ ಇಲ್ಲ ಅಕ್ಕ. ಮಿಸ್ಸು ಎಲ್ಲಿಂದ್ಲೋ ಪಾಠ ಮಾಡ್ತಾರೆ. ನಮ್ಮ ಅಕ್ಷತಾನೇ ಇಡೀ ಕ್ಲಾಸಿಗೆ ಇಂಗ್ಲಿಷಲ್ಲಿ ಮಾತಾಡ್ತಾಳೆ, ನೋಡಿ ಬೇಕಾದ್ರೆ.”

ಜ್ಯೋತಿಲಕ್ಷ್ಮಿ ನೋಡಿದಳು. ಅಕ್ಷತ ಲ್ಯಾಪ್‌ಟಾಪಿನ ಮುಂದೆ ಕೂತು ಪಟಪಟನೆ ಉತ್ತರ ಹೇಳುತ್ತಿದ್ದಳು. ಅದರೊಳಗಿನಿಂದ ಮಿಸ್ಸು ‘ವೆರಿ ಗುಡ್’ ಎಂದರು. ಜ್ಯೋತಿಲಕ್ಷ್ಮಿಯ ಹೊಟ್ಟೆಗೆ ಬೆಂಕಿ ಬಿತ್ತು. ಆದರೆ ಅವಳು ಬಾಯಿ ಬಿಡಲಿಲ್ಲ, ನೀರೂ ಕೇಳಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಂದಳು. ಅದನ್ನು ಕೇಳಿದಾಗಲೇ ನನಗೆ ಗೊತ್ತಾಯಿತು, ಇದು ಮಾಮೂಲಿ ಉರಿಯಲ್ಲ ಎಂದು.

ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: “ನಮ್ಮ ಬಿಂದೂನೂ ಅಲ್ಲಿಗೇ ಹಾಕ್ಬೇಕು.”

“ಈ ಸದ್ದಲ್ಲಿ ಏನೇ ಓದ್ತಾಳೆ ಅವಳು?” ಎಂದ ಮನೋಹರ್.

“ಅವ್ಳ ಮಗಳಿಗೆ ಆಗೋದು ನನ್ನ ಮಗಳಿಗೆ ಯಾಕಾಗಲ್ಲ?”

ಮೊದಲು ಒಂದು ಕ್ಲಾಸು ಕೂತು ನೋಡಬಹುದು ಎಂದು ಆ ಸ್ಕೂಲಿನವರು ಹೇಳಿದ್ದರು. ಬಿಂದುಶ್ರೀಗೆ ಇಷ್ಟವಿರಲಿಲ್ಲ. ಅಮ್ಮನ ಮುಖ ನೋಡಿ, ಅಪ್ಪನ ಮೊಬೈಲು ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಳು. ಮಗ್ಗ ನಿಲ್ಲಿಸಲು ಮನೋಹರ್ ಒಪ್ಪಲಿಲ್ಲ. ಜ್ಯೋತಿಲಕ್ಷ್ಮಿ ಕಡಿದ ಎಳೆ ಗಂಟು ಹಾಕುತ್ತಾ ಮಗಳ ಮುಖವನ್ನೇ ನೋಡುತ್ತಿದ್ದಳು.

ಮಿಸ್ಸು ಏನೋ ಕೇಳಿರಬೇಕು. ಬಿಂದುಶ್ರೀ ಉತ್ತರ ಹೇಳಿದಳು. ತಾಯಿಗೆ ಒಂದೊಂದು ಅಕ್ಷರವೂ ತಿಳಿಯಿತು: ‘ಹಸಿರೆಲೆ ಸೂರ್ಯನ ಬೆಳಕಲ್ಲಿ ಆಹಾರ ಮಾಡ್ಕೊಳುತ್ತೆ.’ ಅವಳ ಎದೆ ಉಬ್ಬಿತು. ಆದರೆ ಮಗಳ ಹುಬ್ಬು ಗಂಟಿಕ್ಕಿತು. ಮತ್ತೆ ಅದನ್ನೇ ಹೇಳಿದಳು, ಈ ಸಲ ಬಾಯಿಯನ್ನು ಇನ್ನೂ ದೊಡ್ಡದಾಗಿ ತೆರೆದು. ಮೂರನೇ ಸಲ ಹೇಳುವಷ್ಟರಲ್ಲಿ ಮಿಸ್ಸು ಬೇರೆ ಮಗುವನ್ನು ಕೇಳಿದರು.

ಏನಾಗಿತ್ತೆಂದರೆ, ಹುಡುಗಿ ಮನೆಯ ಅಭ್ಯಾಸದಂತೆ ಬರೀ ತುಟಿ ಆಡಿಸಿದ್ದಳು, ದನಿಯನ್ನೇ ಹೊರಡಿಸಿರಲಿಲ್ಲ. ಮಿಸ್ಸಿಗೆ ಕೇಳಿಸಿದ್ದು ಮಗ್ಗದ ಸದ್ದು ಮಾತ್ರ. ನಿಮ್ಮ ಮನೆ ರೈಲ್ವೆ ಸ್ಟೇಷನ್ ಪಕ್ಕದಲ್ಲಿದೆಯೇ ಎಂದು ಕೇಳಿದರಂತೆ. ಪರದೆಯ ಮೇಲಿದ್ದ ಮಕ್ಕಳೆಲ್ಲ ನಕ್ಕರಂತೆ. ಅದರಲ್ಲಿ ಅಕ್ಷತಳೂ ಇದ್ದಳು.

ಇಷ್ಟಾದ ಮೇಲೆ ಬೇರೆ ಯಾರೇ ಆಗಿದ್ದರೂ ಸುಮ್ಮನಾಗುತ್ತಿದ್ದರು. ಜ್ಯೋತಿಲಕ್ಷ್ಮಿಗೆ ಹಟ ಇನ್ನೂ ಹೆಚ್ಚಾಯಿತು. ಅಕ್ಷತ ನಕ್ಕಳೆನ್ನುವುದೇ ಅವಳಿಗೆ ಮುಳ್ಳಾಯಿತು. ಅಡುಗೆಮನೆಗೆ ಗಟ್ಟಿ ಬಾಗಿಲು ಕೂರಿಸಿದರಾಯಿತು, ಹುಡುಗಿ ತಾನಾಗಿ ಕಲಿಯುತ್ತಾಳೆ ಎಂದು ತೀರ್ಮಾನ ಮಾಡಿದಳು. ಬಿಂದುಶ್ರೀ ಮಗ್ಗದ ಎದುರಿಗೆ ಬಂದು ನಿಂತು, ‘ನಾನು ಸ್ಕೂಲ್ ಬಿಡಲ್ಲ ಅಮ್ಮ’ ಎಂದು ತುಟಿ ಆಡಿಸಿದಳು. ಜ್ಯೋತಿಲಕ್ಷ್ಮಿ ಮುಖ ತಿರುಗಿಸಿಕೊಂಡಳು. ಆ ಮನೆಯಲ್ಲಿ ಮುಖ ತಿರುಗಿಸುವುದೆಂದರೆ ಕಿವಿ ಮುಚ್ಚಿಕೊಂಡಂತೆ. ಮಗು ಕಣ್ಣೊರೆಸಿಕೊಂಡು ಬ್ಯಾಗ್ ಹಾಕಿಕೊಂಡು ಹೋಯಿತು. ಅದರ ಹಿಂದೆಯೇ ಇವಳು ಟಿಸಿ ಕೇಳಲು ಸ್ಕೂಲಿಗೆ ಹೊರಟಳು.

ಹೆಡ್ ಮೇಡಂ ಯಾರೊಂದಿಗೋ ಫೋನಿನಲ್ಲಿದ್ದರು. ಬೆಂಚಿನ ಮೇಲೆ ಕೂತು ಕಾಯುವಾಗ ಪಕ್ಕದ ಕ್ಲಾಸಿನಿಂದ ಒಂದು ದನಿ ಬರುತ್ತಿತ್ತು. ಯಾವುದೋ ಹುಡುಗಿ ಸಮಾಜ ಪಾಠವನ್ನು ಜೋರಾಗಿ, ಸ್ಪಷ್ಟವಾಗಿ, ಎಲ್ಲೂ ತಡವರಿಸದೆ ಓದುತ್ತಿದ್ದಳು. ಮಧ್ಯೆ ಓದು ನಿಲ್ಲಿಸಿ, “ಲೇ ಲಾಸ್ಟ್ ಬೆಂಚು, ಗಲಾಟೆ ಸಾಕು ಕಣ್ರೋ!” ಎಂದಳು. ಇಡೀ ಕ್ಲಾಸು ನಕ್ಕು ಗಪ್‌ಚಿಪ್ಪಾಯಿತು. ಆ ದನಿಯಲ್ಲಿ ಎಂಥ ಧೈರ್ಯ, ಎಂಥ ಗತ್ತು!

ಜ್ಯೋತಿಲಕ್ಷ್ಮಿಗೆ ಹೊಟ್ಟೆ ಉರಿಯಿತು. ಶಿಲ್ಪಳ ಮನೆಯಲ್ಲಿ ಉರಿದದ್ದು ಇದರ ಮುಂದೆ ಏನೂ ಅಲ್ಲ. ಈ ಹುಡುಗಿಯ ಎದುರು ಅಕ್ಷತಳೂ ಸಪ್ಪೆ. ಯಾವ ಪುಣ್ಯಾತ್ಗಿತ್ತಿ ಹೆತ್ತಳೋ ಇವಳನ್ನು ಎಂದು ಆ ಕಾಣದ ತಾಯಿಯ ಮೇಲೆ ಕರುಬಿ ಕರುಬಿ ಸಾಕಾಯಿತು.

ಹೆಡ್ ಮೇಡಂ ಫೋನ್ ಇಟ್ಟು ಒಳಗೆ ಕರೆದರು. ಟಿಸಿ ಮಾತು ಎತ್ತುವ ಮೊದಲು ಇವಳು ತಡೆಯಲಾರದೆ ಕೇಳಿಯೇಬಿಟ್ಟಳು.

“ಯಾರು ಮೇಡಂ ಆ ಹುಡುಗಿ? ಯಾರ ಮಗಳು?”

ಮೇಡಂ ಕಿವಿಗೊಟ್ಟು ಕೇಳಿ, ಇವಳ ಮುಖವನ್ನು ವಿಚಿತ್ರವಾಗಿ ನೋಡಿದರು.

“ಏನ್ರಿ ಹೀಗ್ ಕೇಳ್ತೀರಾ? ನಿಮ್ಮ ಬಿಂದುಶ್ರೀ ಅಲ್ವಾ! ಟೀಚರ್ ಬರೋದು ತಡ ಆದ್ರೆ ಅವಳೇ ಕ್ಲಾಸ್ ನೋಡ್ಕೊಳೋದು.”

ಜ್ಯೋತಿಲಕ್ಷ್ಮಿ ಬಾಗಿಲ ಕಡೆ ತಿರುಗಿದಳು. ಪಾಠ ಮುಂದುವರಿದಿತ್ತು.

“ಏನು ಬಂದ್ರಿ ಹೇಳಿ. ಟಿಸಿ ವಿಷ್ಯ ಅಂತ ಆಯಾ ಹೇಳಿದ್ರು?”

“ಬೇಡ ಮೇಡಂ. ಸ್ವಲ್ಪ ಸುಮ್ನಿರಿ,” ಎಂದಳು ಜ್ಯೋತಿಲಕ್ಷ್ಮಿ, “ನಾನೂ ಒಂಚೂರು ಕೇಳಿಸ್ಕೋತೀನಿ.”