ಮೊಳೆಯಣ್ಣನ ಪಾಠ, ಮಗಳ ದನಿ

ಮೇಷ್ಟ್ರ ಕೆಲಸದಿಂದ ನಿವೃತ್ತಿಯಾದ ಮರುವರ್ಷ, ನನ್ನ ವ್ಯಾಕರಣದ ಟಿಪ್ಪಣಿಗಳಿಗೆ ಒಂದು ವೆಬ್‌ಸೈಟು ಮಾಡಬೇಕೆಂಬ ಹುಚ್ಚು ಹಿಡಿದು, ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ತರಗತಿಗೆ ಸೇರಿದೆ. ಮೊಳೆಯಣ್ಣನವರನ್ನು ನಾನು ಮೊದಲು ಕಂಡದ್ದು ಅಲ್ಲಿ. ಅರವತ್ತು ದಾಟಿದ ಮನುಷ್ಯ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರಗಳ ಮೊಳೆ ಜೋಡಿಸಿದವರು, ಅದಕ್ಕೇ ಆ ಹೆಸರು. ಅಚ್ಚುಕೂಟ ಮುಚ್ಚಿದ ಮೇಲೆ ಹಳೆಯ ಕಂಪ್ಯೂಟರೊಂದನ್ನು ಕೊಂಡು, ತಾವೇ ತಿಣುಕಿ ಕಲಿತು, ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದರು. ವಾರಕ್ಕೆರಡು ದಿನ ನಮ್ಮಂಥ ಹೊಸಬರಿಗೆ ಪಾಠ.

ಆ ದಿನ ಹಲಗೆಯ ಮೇಲೆ ನಾಲ್ಕು ಪದ ಬರೆದು ತಿರುಗಿದರು. “ಡೊಮೇನ್ ಅಂದ್ರೆ ಅಂಗಡಿ ಬೋರ್ಡಿನ ಮೇಲಿರೋ ಹೆಸರು. ಹೋಸ್ಟಿಂಗ್ ಅಂದ್ರೆ ಬಾಡಿಗೆಗೆ ಹಿಡಿದಿರೋ ಮಳಿಗೆ. ಅಪ್‌ಲೋಡ್ ಅಂದ್ರೆ ಮನೇಲಿರೋ ಸಾಮಾನನ್ನ ಆ ಮಳಿಗೆಗೆ ಸಾಗಿಸೋದು. ಬ್ರೌಸರ್ ಅಂದ್ರೆ ಗಿರಾಕೀನ ಬಾಗಿಲವರೆಗೂ ಕರ್ಕೊಂಡು ಬರೋ ಗಾಡಿ.”

ಹಿಂದಿನ ಬೆಂಚಿನಲ್ಲಿದ್ದ ದರ್ಜಿ ಕೇಳಿದ: “ಅಣ್ಣಾ, ಮಳಿಗೆಯವನು ಬೀಗ ಹಾಕ್ಕೊಂಡು ಓಡಿಹೋದ್ರೆ ನನ್ನ ಬಟ್ಟೆಗಳ ಗತಿ?”

“ನಿನ್ನ ಹೊಲಿಗೆ ನೋಡಿದೋರು ಯಾರೂ ಅದನ್ನ ಮುಟ್ಟಲ್ಲ ಬಿಡಪ್ಪ,” ಎಂದರು. ಎಲ್ಲರೂ ನಕ್ಕೆವು. ಪ್ರಶ್ನೆ ಆ ನಗುವಿನಲ್ಲೇ ಮುಳುಗಿಹೋಯಿತು.

ಪರಿಚಯ ಬೆಳೆದ ಮೇಲೆ ಮನೆಗೆ ಕರೆದರು. ಎರಡು ಕೋಣೆ; ಜೊತೆಗೆ ಮಗಳು, ಅವಳ ಪುಟ್ಟ ಕೂಸು. ಮಗಳಿಗೆ ಗಂಟಲಲ್ಲಿ ಗೆಡ್ಡೆಯಾಗಿ, ಶಸ್ತ್ರಚಿಕಿತ್ಸೆಯಾದರೆ ದನಿ ಹೋಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರಂತೆ. ಆಗ ಕೂಸಿಗೆ ಹತ್ತು ತಿಂಗಳು. ಉಳಿದ ಹತ್ತೊಂಬತ್ತು ದಿನ ಅವಳು ಕಿಟಕಿ ಬಾಗಿಲು ಮುಚ್ಚಿಕೊಂಡು, ನಲವತ್ತೊಂದು ಕತೆಗಳನ್ನು ಫೋನಿಗೆ ಓದಿದಳು. ನಡುನಡುವೆ ಕೆಮ್ಮುವಳು, ಕೂಸಿನ ಮುದ್ದುಹೆಸರು ಕರೆಯುವಳು. ಮಗು ದೊಡ್ಡದಾದಾಗ ತಾಯಿಯ ದನಿ ಕೇಳಲಿ ಎಂಬುದೊಂದೇ ಅವಳ ಆಸೆ. ಮೊಳೆಯಣ್ಣ ಅದಕ್ಕಾಗಿ ಒಂದು ವೆಬ್‌ಸೈಟು ಮಾಡಿ, ಕತೆಗೊಂದರಂತೆ ಬಣ್ಣದ ಗುಂಡಿ ಇಟ್ಟರು. ಕೂಸು ಗುಂಡಿ ಒತ್ತುತ್ತಿತ್ತು. ಪಕ್ಕದಲ್ಲಿ ಮಾತಿಲ್ಲದ ತಾಯಿ ಕೂತು ತನ್ನದೇ ದನಿ ಕೇಳುತ್ತಿದ್ದಳು.

ಅಚ್ಚುಕೂಟದಲ್ಲಿ ಒಂದು ಕ್ರಮವಿತ್ತು. ಹಾಳೆ ಅಚ್ಚಾದೊಡನೆ ಜೋಡಿಸಿದ ಪುಟವನ್ನು ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಾಕಬೇಕು. ಬಿಚ್ಚದೆ ಮನೆಗೆ ಹೋದವನು ಸೋಮಾರಿ. ಅಚ್ಚಾದ ಪ್ರತಿಗಳು ಹೊರಗೆ ಹೋಗಿರುವಾಗ ಭಯವೇನು? ಮೊಳೆಯಣ್ಣ ಇಲ್ಲಿಯೂ ಹಾಗೆಯೇ ಮಾಡಿದರು. ಕತೆಗಳನ್ನು ಅಪ್‌ಲೋಡ್ ಮಾಡಿ, ಪ್ರತಿಯೊಂದನ್ನೂ ಒಮ್ಮೆ ಕೇಳಿ ನೋಡಿ, ಕಂಪ್ಯೂಟರು ಮತ್ತು ಫೋನು ಎರಡರಿಂದಲೂ ಅವನ್ನು ಚೊಕ್ಕಟವಾಗಿ ಅಳಿಸಿದರು.

ಎರಡು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಕೂಸು ಗುಂಡಿ ಹುಡುಕಿತು; ಪುಟವೇ ಇರಲಿಲ್ಲ. ಹೋಸ್ಟಿಂಗ್ ಕೊಟ್ಟಿದ್ದ ಸಣ್ಣ ಕಂಪನಿ ಮುಚ್ಚಿಹೋಗಿತ್ತು. ಮೂರು ತಿಂಗಳ ಮೊದಲೇ ಅವರು ಎಚ್ಚರಿಕೆ ಕಳಿಸಿದ್ದರು. ಅದು ಹೋದದ್ದು, ನೋಂದಣಿಗೆಂದು ತೆರೆದು ಮತ್ತೆಂದೂ ನೋಡದ ಇಮೇಲಿಗೆ.

ಮೊಳೆಯಣ್ಣ ನನ್ನ ಮನೆಗೆ ಬಂದು ಮೆಟ್ಟಿಲ ಮೇಲೆಯೇ ಕುಳಿತರು. ಇನ್ನೊಂದು ಪ್ರತಿ ಎಲ್ಲಿದೆ ಎಂದು ಕೇಳಿದೆ.

“ಬಿಚ್ಚಿಬಿಟ್ಟೆ ಮೇಷ್ಟ್ರೇ,” ಎಂದರು.

ಕಂಪನಿಯ ಮಾಲೀಕರಿಗೆ ಮೂರು ವಿನಂತಿಪತ್ರ ಬರೆದುಕೊಟ್ಟೆ. ಕೊನೆಯದಕ್ಕೆ ಒಂದು ಸಾಲಿನ ಉತ್ತರ ಬಂತು: ಯಂತ್ರಗಳನ್ನು ಅಳಿಸಿ ಮಾರಲಾಗಿದೆ. ಅಲ್ಲಿಯವರೆಗೂ ಮೊಳೆಯಣ್ಣ ಮಗಳಿಗೆ ರಿಪೇರಿ ನಡೆದಿದೆ ಎಂದೇ ಹೇಳಿದ್ದರು. ನಿಜ ಹೇಳುವ ದಿನ ನನ್ನನ್ನೂ ಕರೆದೊಯ್ದರು.

ಎಲ್ಲವನ್ನೂ ಕೇಳಿದ ಅವಳು ಹಾಳೆಯ ಮೇಲೆ ಬರೆದಳು: “ಒಂದೂ ಇಲ್ವಾ?” ಅವರು ಇಲ್ಲವೆಂದು ತಲೆಯಾಡಿಸಿದರು. “ಫೋನಲ್ಲಿ?” ಎಂದು ಮತ್ತೆ ಬರೆದಳು.

“ಅದನ್ನೂ ನಾನೇ ಅಳಿಸಿದೆ, ಮಗಳೇ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಮುಂದಿನ ನಾಲ್ಕು ತಿಂಗಳು ತಂದೆಗಾಗಿ ಒಂದಕ್ಷರವನ್ನೂ ಬರೆಯಲಿಲ್ಲ.

ಈಗ ಅವಳು ಬರೆಯುತ್ತಾಳೆ: ಹಾಲು, ಸೋಪು, ಮಾತ್ರೆ. ಅಷ್ಟೇ. ತರಗತಿಯಲ್ಲಿ ಮೊಳೆಯಣ್ಣ ಮೊದಲು ಹೇಳಿಕೊಡುವ ಪದ ಬ್ಯಾಕಪ್. ಇದ್ದುದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟು, ಅದನ್ನು ತೆರೆದು ತೋರಿಸುವವರೆಗೂ ಯಾರಿಗೂ ಮುಂದಿನ ಪದವಿಲ್ಲ. ಬಿಡುವಿನ ದಿನಗಳಲ್ಲಿ ಮಗಳ ಹಳೆಯ ಗೆಳತಿಯರ ಮನೆಗಳಿಗೆ ಹೋಗಿ, ಮೂಲೆ ಸೇರಿದ ಫೋನುಗಳಲ್ಲಿ ಅವಳು ಕಳಿಸಿದ್ದ ದನಿಸಂದೇಶಗಳನ್ನು ಹುಡುಕುತ್ತಾರೆ. ಇದುವರೆಗೆ ಸಿಕ್ಕಿರುವುದು ಹದಿನೇಳು ಸೆಕೆಂಡು. ಬಸ್ಸು ತಪ್ಪಿತು, ನೀವು ತಿಂದುಬಿಡಿ, ನನಗಾಗಿ ಕಾಯಬೇಡಿ ಎಂಬ ಮಾತು. ಕೂಸು ಅದನ್ನು ಕೇಳಿ, ಇದು ಯಾರು ಎಂದಿತಂತೆ.

ಈ ವಾರ ತರಗತಿ ಇಲ್ಲ. ಪಕ್ಕದ ಊರಿನ ಗೆಳತಿಯೊಬ್ಬಳ ಬಳಿ ನೀರಿಗೆ ಬಿದ್ದು ಕೆಟ್ಟ ಫೋನೊಂದಿದೆಯೆಂದು ತಿಳಿದು, ಅದನ್ನು ಬೇಡಿ ತಂದು, ಮೊಳೆಯಣ್ಣ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಮೂರು ದಿನದಿಂದ ಕುಳಿತಿದ್ದಾರೆ.