ಪ್ಲಗ್ ಕಿತ್ತ ಮೇಲೂ ಉರಿದ ಬಲ್ಬು

ಹೋದ ವರ್ಷ ಆಯುಧಪೂಜೆಯ ಮರುದಿನ ನಾನು ವಿಜ್ಞಾನಿಯಾದೆ. ಬೇಡಿಕೊಂಡು ಆದದ್ದಲ್ಲ. ಹೊನ್ನಾಳಿಯಲ್ಲಿ ಮೂವತ್ತು ವರ್ಷದಿಂದ ಸುಟ್ಟ ಮೋಟರುಗಳಿಗೆ ವೈಂಡಿಂಗ್ ಮಾಡಿಕೊಂಡು ತಣ್ಣಗಿದ್ದವನು ನಾನು.

ನನ್ನ ಹೆಂಡತಿಯ ತಮ್ಮ ರುದ್ರೇಶನಿಗೆ ಮೊಬೈಲಿನಲ್ಲಿ ಪುಕ್ಕಟೆ ಕರೆಂಟಿನ ವಿಡಿಯೊ ನೋಡುವ ಚಟ. ಮೋಟರು ಗಾಲಿ ತಿರುಗಿಸುತ್ತದಂತೆ, ಗಾಲಿ ಡೈನಮೋ ತಿರುಗಿಸುತ್ತದಂತೆ, ಡೈನಮೋದ ಕರೆಂಟಿನಿಂದ ಅದೇ ಮೋಟರು ತಿರುಗಿ, ಮೇಲೆ ಮನೆಗೂ ಉಳಿಯುತ್ತದಂತೆ. "ತನ್ನ ಸಗಣಿ ತಾನೇ ತಿಂದು ಉಳೋ ಎತ್ತು ಎಲ್ಲಾದ್ರೂ ನೋಡಿದೀಯೇನೋ?" ಎಂದು ಕೇಳಿದೆ. ನನಗೆ ವಯಸ್ಸಾಯಿತು ಎಂದುಬಿಟ್ಟ.

ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು, ಅಂಗಡಿಯಲ್ಲಿದ್ದ ಸಾಮಾನನ್ನೇ ಜೋಡಿಸಿ, ಕೊನೆಗೊಂದು ಬಲ್ಬು ಸಿಕ್ಕಿಸಿ ತೋರಿಸಲು ನಿಂತೆ. ಗಾಲಿಯ ಮೇಲೆ ಹಿಂದಿನ ದಿನದ ಕುಂಕುಮ ಇನ್ನೂ ಇತ್ತು. ರುದ್ರೇಶ ಮೊಬೈಲು ಹಿಡಿದ. "ನೋಡ್ರಿ, ಪ್ಲಗ್ ಕಿತ್ತೆ. ಬಲ್ಬು ಇನ್ನೂ ಉರೀತೈತೆ" ಎಂದು ಪುರಾಣ ಓದುವವರ ಗತ್ತಿನಲ್ಲಿ ಹೇಳಿದೆ. ಅದು ಭಾರದ ಗಾಲಿಯಲ್ಲಿ ಉಳಿದ ವೇಗ ಅಷ್ಟೇ ಎಂದು ವಿವರಿಸುವಷ್ಟರಲ್ಲಿ ಬಲ್ಬು ಮಂಕಾಗಿ ಆರಿತು. ಆದರೆ ಅದಕ್ಕೂ ಮೊದಲೇ ರುದ್ರೇಶನ ಮೊಬೈಲಿನ ಚಾರ್ಜು ಮುಗಿದಿತ್ತು. ಪುಕ್ಕಟೆ ಕರೆಂಟಿನ ದಾಖಲೆ ಕರೆಂಟಿಲ್ಲದೆ ಅರ್ಧಕ್ಕೇ ನಿಂತಿತು.

ಆ ಅರ್ಧವನ್ನು ಅವನು ತಮಾಷೆಗೆಂದು ನೆಂಟರ ಗ್ರೂಪಿಗೆ ಹಾಕಿದ. ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ, ವಾರದೊಳಗೆ ನ್ಯಾಮತಿ, ಚನ್ನಗಿರಿ ಕಡೆಯವರು ಅಂಗಡಿ ಹುಡುಕಿಕೊಂಡು ಬಂದರು. ಅಂಥ ಮಿಷನ್ ಇಲ್ಲವೆಂದರೆ, ಯಾರೋ ನನ್ನ ಬಾಯಿ ಮುಚ್ಚಿಸಿದ್ದಾರೆ ಎಂದು ಕನಿಕರಪಟ್ಟು ಹೋದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನ ಎಂದು ನಾನೂ ಒಳಗೊಳಗೇ ನಗುತ್ತಿದ್ದೆ.

ಆಮೇಲೊಂದು ಮಧ್ಯಾಹ್ನ ತಿಪ್ಪೇಸ್ವಾಮಿ ಬಂದರು. ಜಗಳೂರಿನ ಆಚೆಯ ಹಳ್ಳಿಯವರು, ಎರಡು ಬಸ್ಸು ಬದಲಿಸಿ ಬಂದಿದ್ದರು. ಅವರ ತಾಯಿಗೆ ಉಸಿರಾಟದ ತೊಂದರೆ. ಮನೆಯಲ್ಲೇ ಆಕ್ಸಿಜನ್ ಮಿಷನ್ ಇಟ್ಟಿದ್ದಾರೆ. ಕರೆಂಟು ಹೋದರೆ ಮಿಷನ್ ನಿಲ್ಲುತ್ತದೆ, ಬರುವವರೆಗೆ ಆ ತಾಯಿ ಬಾಯಿ ತೆರೆದು ಒದ್ದಾಡುತ್ತಾರೆ. ಎತ್ತು, ಸಗಣಿ ಯಾವುದೂ ನನ್ನ ಬಾಯಿಗೆ ಬರಲಿಲ್ಲ. ಸುಮ್ಮನೆ ಮತ್ತೆ ಎಲ್ಲ ಜೋಡಿಸಿ ಪ್ಲಗ್ ಕಿತ್ತೆ. ಇಬ್ಬರೂ ನೋಡುತ್ತ ನಿಂತೆವು. ಬಲ್ಬು ಆರಿತು.

"ಇನ್ನೊಂದು ಸಲ ಮಾಡ್ರಿ ಅಣ್ಣಾರೆ" ಎಂದರು.

ಮಾಡಿದೆ. ಮೂರನೆಯ ಸಲ ಆರಿದ ಮೇಲೆ, "ಸಾಕು ಬಿಡ್ರಿ. ವಿಡಿಯೊದಾಗೆ ನಿಮ್ಮ ಮುಖ ನೋಡಿ ನಂಬಿದ್ದೆ. ಸುಳ್ಳು ಹೇಳೋ ಮುಖ ಅಲ್ಲ ಅನ್ನಿಸಿತ್ತು" ಎಂದರು. ಬೈದಿದ್ದರೆ ಮೇಲಿತ್ತು.

ಅಂಗಡಿಯಲ್ಲಿ ನನ್ನದೇ ಒಂದು ಇನ್ವರ್ಟರ್, ಬ್ಯಾಟರಿ ಇತ್ತು. ಅದನ್ನು ಬಿಚ್ಚಿಕೊಟ್ಟೆ. ಇದು ಕರೆಂಟಿದ್ದಾಗ ತಿಂದು, ಇಲ್ಲದಾಗ ಸ್ವಲ್ಪ ಹೊತ್ತು ಕೊಡುತ್ತದೆ, ಇದನ್ನೇ ನಂಬಬೇಡಿ, ಡಾಕ್ಟರನ್ನು ಕೇಳಿ ಒಂದು ಸಿಲಿಂಡರ್ ಮನೆಯಲ್ಲಿಡಿ ಎಂದೆ.

"ತಿಂದಷ್ಟೂ ವಾಪಸ್ ಕೊಡಾಕಿಲ್ವಾ?"

"ಇಲ್ಲ. ತನ್ನ ಪಾಲು ಇಟ್ಕಂತೈತೆ."

ಅವರು ಮೊದಲ ಸಲ ನಕ್ಕರು. ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅರ್ಧ ನನಗೆ ಕೊಟ್ಟರು. ಬೇಡವೆಂದರೂ ಬಿಡಲಿಲ್ಲ. ಪುಕ್ಕಟೆ ಯಾವುದೂ ಇಲ್ಲವೆಂದು ಊರಿಗೆಲ್ಲ ಉಪದೇಶ ಮಾಡಿದ ನಾನು, ನನ್ನಿಂದ ಮೋಸಹೋದವರ ಬುತ್ತಿಯನ್ನು ತಲೆ ತಗ್ಗಿಸಿ ತಿಂದೆ.

ಬಲ್ಬು ಆರುವವರೆಗಿನ ಪೂರ್ತಿ ವಿಡಿಯೊವನ್ನೂ ಹೊಸದಾಗಿ ತೆಗೆಸಿ, ರುದ್ರೇಶನಿಂದ ಇಂಟರ್ನೆಟ್ಟಿಗೆ ಹಾಕಿಸಿದೆ. ಹನ್ನೊಂದು ಸಲ ನೋಡಲಾಗಿದೆ; ಅದರಲ್ಲಿ ಮೂರು ಸಲ ನಾನೇ.

ಈಗಲೂ ಜನ ಬರುತ್ತಾರೆ. ವಾದಿಸಲು ಶಕ್ತಿಯಿಲ್ಲ. ಆ ಸಾಮಾನನ್ನು ಬಿಚ್ಚದೆ ಮೇಜಿನ ಮೇಲೇ ಇಟ್ಟಿದ್ದೇನೆ; ಪ್ಲಗ್ ಕಿತ್ತು ತೋರಿಸುತ್ತೇನೆ. ಯಾರ ಮನೆಯಲ್ಲಿ ಏನು ಕಷ್ಟವಿದೆಯೋ ಗೊತ್ತಿಲ್ಲವಲ್ಲ. ಬಲ್ಬು ಆರುವಾಗ ಮಾತ್ರ ಬಂದವರ ಮುಖ ನೋಡುವುದಿಲ್ಲ.